ಪರೀಕ್ಷೆಯ ಮರುದಿನ

(ವಿಜಯಪುರದಲ್ಲಿ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಕ್ಯಾನ್ಸರ್ ತಪಾಸಣೆಯ ಹೊಸ ತಂತ್ರಜ್ಞಾನಗಳ ಬಗ್ಗೆ ಜನರ ಮನೋಭಾವ. ಈ ವಿಷಯದ ಮೇಲೆ ಮಾತನಾಡುವ ವೈದ್ಯರು ಸಾಮಾನ್ಯವಾಗಿ ಒಂದೇ ಪೀಠಿಕೆ ಹಾಕುತ್ತಾರೆ: ನಮ್ಮ ಜನ ಹಳ್ಳಿಯವರು, ಓದು ಕಡಿಮೆ, ಹೊಸ ಯಂತ್ರ ಕಂಡರೆ ಅಂಜುತ್ತಾರೆ, ಆದ್ದರಿಂದ ಅರಿವು ಮೂಡಿಸಬೇಕು. ನಾನು ಆ ಪೀಠಿಕೆಯನ್ನು ಒಪ್ಪುವುದಿಲ್ಲ. ನಮ್ಮ ಜನ ಯಂತ್ರಕ್ಕೆ ಅಂಜುವವರಾಗಿದ್ದರೆ ಈ ಊರಿನಲ್ಲಿ ಇಷ್ಟು ಸ್ಕ್ಯಾನಿಂಗ್ ಸೆಂಟರ್‌ಗಳು ನಡೆಯುತ್ತಿರಲಿಲ್ಲ. ತಲೆನೋವೆಂದು ಬಂದ ರೋಗಿ ತಾನೇ ‘ಒಂದು ಸ್ಕ್ಯಾನಿಂಗ್ ಬರೆದುಕೊಡಿ’ ಎನ್ನುತ್ತಾನೆ. ಬರೆಯದಿದ್ದರೆ ‘ಇವರಿಗೇನೂ ತಿಳಿಯುವುದಿಲ್ಲ’ ಎಂದು ಎದ್ದು ಇನ್ನೊಬ್ಬರ ಕಡೆ ಹೋಗುತ್ತಾನೆ.

ಗರ್ಭಿಣಿಯರ ಅಲ್ಟ್ರಾಸೌಂಡ್ ಬಂದಾಗ ಅದರ ಸಲುವಾಗಿ ಯಾರಾದರೂ ಜಾಥಾ ತೆಗೆದರೇ? ಬೀದಿ ನಾಟಕ ಆಡಿಸಿದರೇ? ಜನ ತಾವಾಗಿಯೇ ಓಡಿ ಬಂದರು. ಎಷ್ಟರ ಮಟ್ಟಿಗೆ ಎಂದರೆ, ಹೆಣ್ಣು ಭ್ರೂಣಗಳನ್ನು ಉಳಿಸಲು 1994ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಓದಿದವರು, ಓದದವರು ಎಂಬ ಭೇದ ಅಲ್ಲಿರಲಿಲ್ಲ. ಆ ಯಂತ್ರ ಕೊಡುವ ಉತ್ತರ ಮನೆಯವರಿಗೆ ಬೇಕಾಗಿತ್ತು. ಉತ್ತರ ಕೈಗೆ ಬಂದ ಮರುದಿನ ಏನು ಮಾಡಬೇಕೆಂಬುದೂ, ದುರದೃಷ್ಟವಶಾತ್, ಅವರಿಗೆ ತಿಳಿದಿತ್ತು. ಕ್ಯಾನ್ಸರ್ ತಪಾಸಣೆಯಲ್ಲಿ ಮರುದಿನ ಏನೆಂಬುದು ಯಾರಿಗೂ ತಿಳಿದಿಲ್ಲ. ಜನ ದೂರ ನಿಲ್ಲುವುದು ಅದಕ್ಕೆ. ನಾನು ಇಂದು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದೆಲ್ಲ ವಿವರ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 30ರಿಂದ 49 ವಯಸ್ಸಿನ ಮಹಿಳೆಯರನ್ನು, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಒಮ್ಮೆಯಾದರೂ ಆಗಿದೆಯೇ ಎಂದು ಕೇಳಿದರು. ಇಡೀ ದೇಶದಲ್ಲಿ ಹೌದು ಎಂದವರು ಶೇ 1.9. ಸ್ತನದ ತಪಾಸಣೆ ಶೇ 0.9, ಬಾಯಿಯದೂ ಅಷ್ಟೇ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಮೂರೂ ತಪಾಸಣೆ ಆಗಬೇಕೆಂಬ ಕೇಂದ್ರದ ಮಾರ್ಗಸೂಚಿ 2016ರಲ್ಲಿಯೇ ಬಂದಿತ್ತು.

ಈ ಅಂಕಿ ನೋಡಿ ‘ನಮ್ಮ ಹೆಂಗಸರು ಬರುವುದಿಲ್ಲ’ ಎಂದು ತೀರ್ಪು ಕೊಡುವ ಮೊದಲು ನೆರೆಯ ಜಿಲ್ಲೆಯನ್ನೊಮ್ಮೆ ನೋಡೋಣ. ಸೊಲ್ಲಾಪುರ ದಾಟಿದರೆ ಉಸ್ಮಾನಾಬಾದ್, ಈಗಿನ ಧಾರಾಶಿವ. ನಮ್ಮ ಹಾಗೆಯೇ ಜೋಳ, ತೊಗರಿ ಬೆಳೆಯುವ, ನಮ್ಮ ಹಾಗೆಯೇ ಬರ ಉಣ್ಣುವ ಸೀಮೆ. ಮುಂಬೈನ ಟಾಟಾ ಮೆಮೋರಿಯಲ್ ಮತ್ತು ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯವರು ಸೇರಿ 1999ರಿಂದ ಅಲ್ಲಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. 30ರಿಂದ 59 ವಯಸ್ಸಿನ 1,31,746 ಮಹಿಳೆಯರು, ಊರುಗಳ ನಾಲ್ಕು ಗುಂಪು. ಒಂದು ಗುಂಪಿಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಪತ್ತೆ ಮಾಡುವ ಪರೀಕ್ಷೆ, ಒಂದಕ್ಕೆ ಗರ್ಭಕೊರಳಿನ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಒಂದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ವಿಶೇಷವಾಗಿ ಏನೂ ಇಲ್ಲ. ಎಂಟು ವರ್ಷ ಅವರ ಮೇಲೆ ಕಣ್ಣಿಟ್ಟು ನೋಡಿದ ನಂತರ, 2009ರಲ್ಲಿ, ಫಲಿತಾಂಶ ಪ್ರಕಟವಾಯಿತು. ಏನೂ ಮಾಡದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ 64 ಸಾವು, ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34. ಅದೂ ಜೀವನದಲ್ಲಿ ಒಂದೇ ಒಂದು ಬಾರಿ ಮಾಡಿದ ಪರೀಕ್ಷೆಯಿಂದ. ಇಂದು ಜಗತ್ತಿನಾದ್ಯಂತ ಎಚ್‌ಪಿವಿ ಪರೀಕ್ಷೆಯ ಪರವಾಗಿ ವಾದಿಸುವವರು ಈ ಅಧ್ಯಯನವನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ನಮ್ಮಿಂದ ಕೆಲವೇ ಗಂಟೆಗಳ ಬಸ್ ದಾರಿಯ ರೈತ ಹೆಂಗಸರು ಜಗತ್ತಿಗೆ ಕೊಟ್ಟ ತಿಳಿವಳಿಕೆ ಅದು.

ನಾಲ್ಕನೆಯ ಗುಂಪಿನ ಮಹಿಳೆಯರನ್ನು ಹಾಗೆಯೇ ಬಿಟ್ಟದ್ದು ಸರಿಯೇ ಎಂಬ ಜಗಳ ಮುಂದೆ ಎದ್ದಿತು. ಏಳಲೇಬೇಕಾದ ಜಗಳ. ಆ 64 ಸಾವುಗಳು ಬರಿಯ ಅಂಕಿಯಲ್ಲ ಎಂದು ಕೇಳಿದವರ ಪರವಾಗಿಯೇ ನಾನಿದ್ದೇನೆ. ಆದರೆ ನಮ್ಮ ವಿಷಯಕ್ಕೆ ಬೇಕಾದ ಮಾತು ಬೇರೆ: ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮರಾಠವಾಡಾದ ಹಳ್ಳಿಯ ಹೆಂಗಸರು, ಅಂದಿಗೆ ತೀರ ಹೊಸದಾಗಿದ್ದ ಪರೀಕ್ಷೆಗೆ ಸಾವಿರಗಟ್ಟಲೆ ಬಂದರು. ಮನೆಮನೆಗೆ ಹೋಗಿ ಕರೆದವರಿದ್ದರು. ದೋಷ ಕಂಡವರ ಮುಂದಿನ ತಪಾಸಣೆ, ಚಿಕಿತ್ಸೆಯನ್ನು ಕರೆದವರೇ ನೋಡಿಕೊಂಡರು. ಮರುದಿನ ಏನೆಂಬುದಕ್ಕೆ ಉತ್ತರವಿತ್ತು.

ಅದೇ ಅಧ್ಯಯನದಲ್ಲಿ ಅಸಿಟಿಕ್ ಆಮ್ಲದ ಪರೀಕ್ಷೆಯಿಂದ ಸಾವುಗಳು ಗಮನಾರ್ಹವಾಗಿ ಇಳಿಯಲಿಲ್ಲ. ಮುಂಬೈನ ಕೊಳೆಗೇರಿಗಳಲ್ಲಿ ಅದೇ ಆಮ್ಲ, ಅದೇ ಹತ್ತಿ, ಸಾವುಗಳನ್ನು ಶೇ 31ರಷ್ಟು ಇಳಿಸಿತು. ಅಲ್ಲಿ ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳು. ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಮಾಡಿದರು, ಧಾರಾಶಿವದಲ್ಲಿ ಒಂದೇ ಸುತ್ತು. ಎರಡೂ ಕಡೆ ವಿಧಾನ ಒಂದೇ, ಹಿಡಿದ ಪಟ್ಟು ಬೇರೆ. ಹೊಸ ಉಪಕರಣದ ಜಾಹೀರಾತು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ಹೊಸದಕ್ಕೆ ಬರೋಣ. ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆ ಮಾಡಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಮಾದರಿಯನ್ನು ಮಹಿಳೆಯೇ ತೆಗೆದುಕೊಳ್ಳಬಹುದು ಎಂದೂ ಹೇಳಿತು. ನಿಮ್ಮಲ್ಲಿ ಹೆಚ್ಚಿನವರಿಗೆ ಮುಖ್ಯವಾದ ಮಾತು ಈ ಎರಡನೆಯದು. ಮೃದುವಾದ ಒಂದು ಪುಟ್ಟ ಬ್ರಷ್. ಅದನ್ನು ಯೋನಿಯೊಳಗೆ ಇಟ್ಟು ಕೆಲವು ಸಲ ತಿರುಗಿಸಿ, ತೆಗೆದು, ಕೊಳವೆಯಲ್ಲಿ ಹಾಕಿ ಕೊಟ್ಟರೆ ಮುಗಿಯಿತು. ಮೇಜಿನ ಮೇಲೆ ಕಾಲು ಮಡಚಿ ಮಲಗುವುದಿಲ್ಲ, ಲೋಹದ ಉಪಕರಣವಿಲ್ಲ, ಪರದೆಯ ಆಚೆ ಯಾರು ಓಡಾಡುತ್ತಿದ್ದಾರೋ ಎಂಬ ಆತಂಕವಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಾಡಿಕೊಳ್ಳುವ ಕೆಲಸ. ಮಾದರಿಯನ್ನು ಓದುವ ಯಂತ್ರವೂ ಅಪರಿಚಿತವಲ್ಲ. ಟಿಬಿಗೂ ಕೋವಿಡ್‌ಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸಿದ ಟ್ರೂನ್ಯಾಟ್ ಯಂತ್ರದಲ್ಲಿಯೇ ಎಚ್‌ಪಿವಿ ಪತ್ತೆ ಮಾಡುವ ಚಿಪ್ ಇದೆ. ದೇಶದಲ್ಲಿಯೇ ತಯಾರಾದ ಇಂಥ ಕಿಟ್‌ಗಳ ಮೌಲ್ಯಮಾಪನವೂ 2025ರಲ್ಲಿ ಮುಗಿದಿದೆ.

ಹಾಗಾದರೆ ಲಜ್ಜೆಯ ತೊಡಕು ಕಳೆಯಿತಲ್ಲ ಎಂದು ಎಂಜಿನಿಯರುಗಳು ಖುಷಿಪಡುತ್ತಾರೆ. ಪರೀಕ್ಷೆ ಮಾಡುವಾಗಿನ ಲಜ್ಜೆ ಕಳೆಯಿತು, ನಿಜ. ಫಲಿತಾಂಶದ ಲಜ್ಜೆ ಈಗ ಶುರು. ‘ಬಾಯಾರೇ, ಪಾಸಿಟಿವ್ ಅಂದರೆ ಏನು?’ ಎಂದು ಕೇಳುತ್ತಾರೆ. ವೈರಸ್ ಇದೆ ಎಂದರ್ಥ ಎನ್ನುತ್ತೇವೆ. ‘ಹೇಗೆ ಬಂತು?’ ಲೈಂಗಿಕ ಸಂಪರ್ಕದಿಂದ ಎನ್ನಬೇಕಾಗುತ್ತದೆ. ಅಲ್ಲಿಗೆ ಕ್ಯಾನ್ಸರ್ ಮೂಲೆಗೆ ಸರಿಯುತ್ತದೆ. ಆಮೇಲಿನ ಪ್ರಶ್ನೆ ಯಾವ ವೈದ್ಯಕೀಯ ಪುಸ್ತಕದಲ್ಲಿಯೂ ಇಲ್ಲ: ‘ನಮ್ಮ ಮನೆಯವರು ಕೇಳಿದರೆ ಏನು ಹೇಳಲಿ?’

ಇದಕ್ಕೆ ಉತ್ತರವನ್ನು ನೀವು ಬಾಯಿಪಾಠ ಮಾಡಿಕೊಳ್ಳಬೇಕು, ಏಕೆಂದರೆ ಪ್ರಶ್ನೆ ಬರುವುದು ನಿಮ್ಮ ಕಡೆಗೇ. ದಾಂಪತ್ಯ ನಡೆಸುವ ಹೆಣ್ಣು, ಗಂಡುಗಳಲ್ಲಿ ಬಹುತೇಕರಿಗೆ ಬದುಕಿನಲ್ಲಿ ಒಂದಲ್ಲ ಒಂದು ಸಲ ಈ ವೈರಸ್ ಬಂದು ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಎರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಮದುವೆಯಾದ ಹೊಸತರಲ್ಲಿ ಬಂದದ್ದು ಇಪ್ಪತ್ತು ವರ್ಷ ಸುಮ್ಮನೆ ಕುಳಿತಿದ್ದು ಈಗ ಕಾಣಿಸಿಕೊಂಡಿರಬಹುದು. ಗಂಡಸರಿಗೂ ಬರುತ್ತದೆ, ಸಾಮಾನ್ಯವಾಗಿ ಅವರಿಗೆ ಗೊತ್ತೇ ಆಗುವುದಿಲ್ಲ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ, ನಡತೆಯ ಸರ್ಟಿಫಿಕೇಟ್ ಅಂತೂ ಅಲ್ಲವೇ ಅಲ್ಲ. ಈ ಮಾತುಗಳನ್ನು ಪಾಸಿಟಿವ್ ಬಂದ ಮೇಲೆ ಹೇಳಿದರೆ ಸಮಾಧಾನದಂತೆ ಕೇಳಿಸುತ್ತವೆ, ಯಾರೂ ನಂಬುವುದಿಲ್ಲ. ಬ್ರಷ್ ಕೈಗೆ ಕೊಡುವ ಮೊದಲೇ ಹೇಳಬೇಕು, ಸಾಧ್ಯವಾದರೆ ಗಂಡ ಮತ್ತು ಅತ್ತೆ ಕುಳಿತಿರುವಾಗಲೇ ಹೇಳಬೇಕು.

ಫಲಿತಾಂಶ ಮೊಬೈಲ್‌ಗೆ ಸಂದೇಶವಾಗಿ ಬರುವಂತೆ ಮಾಡುವುದೇ ಆಧುನಿಕತೆ ಎಂದು ಕೆಲವರು ತಿಳಿದಿದ್ದಾರೆ. ಆಕೆಯ ಹೆಸರಿನ ಮುಂದೆ ಬರೆಸಿದ ನಂಬರ್ ಯಾರದು? ಮಗನದು, ಇಲ್ಲವೇ ಗಂಡನದು. ಕಿರಾಣಿ ಅಂಗಡಿಯ ಮುಂದೆ ನಿಂತ ಹುಡುಗನ ಫೋನಿಗೆ ತಾಯಿಯ ಗರ್ಭಕೊರಳಿನ ಸುದ್ದಿ ಹೋಗುತ್ತದೆ. ನನ್ನ ಕೈಯಲ್ಲಿದ್ದರೆ ಈ ಸಂದೇಶ ಕಳಿಸುವ ಪದ್ಧತಿಯನ್ನು ನಮ್ಮ ಕಡೆ ನಿಲ್ಲಿಸಿಬಿಡುತ್ತಿದ್ದೆ. ಚೀಟಿ ಆಕೆಯ ಕೈಗೆ, ಮಾತು ಆಕೆಯ ಕಿವಿಗೆ.

ಫೋನಿನ ಮಾತು ಬಂತು, ಒಟಿಪಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನೀವು ಮನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡುತ್ತೀರಿ, ಆರೋಗ್ಯ ದಾಖಲೆಗಳ ಡಿಜಿಟಲ್ ಗುರುತಾದ ಆಭಾ ಕಾರ್ಡ್ ಮಾಡಲು ಆಧಾರ್ ನಂಬರ್ ಕೇಳಿ ಒಟಿಪಿ ಹೇಳಿ ಎನ್ನುತ್ತೀರಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು, ಪೊಲೀಸರು ಹಗಲಿರುಳು ಹೇಳುತ್ತಿರುವ ಕಾಲ ಇದು. ಹೇಳದವರು ಹಿಂದುಳಿದವರಲ್ಲ, ಹೇಳಿದ್ದನ್ನು ಕೇಳಿಸಿಕೊಂಡ ಬುದ್ಧಿವಂತರು. ಕಾರ್ಡ್ ಆಗಲಿ ಬಿಡಲಿ, ತಪಾಸಣೆ ಮೊದಲು ಮುಗಿಸಿ.

ಇನ್ನು ಈ ಭಾಗದಲ್ಲಿ ಎಲ್ಲಕ್ಕಿಂತ ಆಳವಾಗಿ ಕುಳಿತ ಅಂಜಿಕೆಯ ಮಾತು. ‘ಪರೀಕ್ಷೆಗೆ ಹೋದರೆ ಗರ್ಭಚೀಲ ತೆಗೆದುಬಿಡುತ್ತಾರೆ.’ ಇದನ್ನು ಮೂಢನಂಬಿಕೆ ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ. ಸುಮಾರು 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಸಂಗತಿ ಹೊರಬಿತ್ತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ಬಂತು. ಬೇರೆ ರಾಜ್ಯಗಳ ಇಂಥದೇ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಆದೇಶವಾಯಿತು. ಆ ಹೆಂಗಸರು ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರು. ಅವರನ್ನು ಒಪ್ಪಿಸಲು ಬಳಸಿದ ಮಾತು ಏನು ಗೊತ್ತೇ? ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ.’ ಈಗ ಅದೇ ತಾಂಡಾಕ್ಕೆ ನಾವು ಕ್ಯಾನ್ಸರ್ ಎಂಬ ಮಾತನ್ನೇ ಹಿಡಿದುಕೊಂಡು ಹೋಗಿ, ನಮ್ಮನ್ನು ನಂಬಿ ಎನ್ನುತ್ತಿದ್ದೇವೆ. ಬಾಗಿಲು ಹಾಕಿಕೊಂಡರೆ ತಪ್ಪು ಯಾರದು?

ಈ ಅಂಜಿಕೆಗೆ ಭಾಷಣ ಮದ್ದಲ್ಲ. ಪಾಸಿಟಿವ್ ಬಂದು, ಮುಂದಿನ ತಪಾಸಣೆಯಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡರೆ ಬಹಳಷ್ಟು ಮಹಿಳೆಯರಿಗೆ ಸಾಕಾಗುವ ಚಿಕಿತ್ಸೆ ಚಿಕ್ಕದು. ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿಯುವ ಉಪಕರಣದ ತುದಿ ಸುಮಾರು 100 ಡಿಗ್ರಿ ಕಾಯುತ್ತದೆ, ಅದನ್ನು ಆ ಜಾಗಕ್ಕೆ ಒಂದು ನಿಮಿಷದೊಳಗೆ ಮುಟ್ಟಿಸಿ ತೆಗೆಯುತ್ತಾರೆ. ಆಕೆ ನಡೆದುಕೊಂಡು ಮನೆಗೆ ಹೋಗುತ್ತಾಳೆ. ಗರ್ಭಕೋಶ ಇದ್ದಲ್ಲಿಯೇ ಇರುತ್ತದೆ. ಇಂಥ ಹಲವು ಹೊಸ ಉಪಕರಣಗಳಲ್ಲಿ ನಾನು ಮನಸ್ಸಿನಿಂದ ಮೆಚ್ಚುವುದು ಇದನ್ನು, ಏಕೆಂದರೆ ಇದು ಮರುದಿನದ ಉಪಕರಣ. ಒಂದು ಊರಿನಲ್ಲಿ ನಾಲ್ಕು ಹೆಂಗಸರು ಹೀಗೆ ಗುಣವಾಗಿ ಬಂದು ನೀರು ತುಂಬುವಲ್ಲಿ ಮಾತನಾಡಿದರೆ ನನ್ನ ಈ ಉಪನ್ಯಾಸ ಬೇಕಾಗುವುದಿಲ್ಲ.

ಸ್ತನದ ವಿಷಯವನ್ನು ಬೇಗ ಮುಗಿಸುತ್ತೇನೆ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ಚಿತ್ರ, ನೋಡಲು ಕಂಪ್ಯೂಟರ್ ನೆರವು ಪಡೆಯುವ ಪ್ರಯೋಗ ಸ್ವೀಡನ್‌ನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಯಿತು. ಸಾವಿರಕ್ಕೆ ಸುಮಾರು 5 ಕ್ಯಾನ್ಸರ್ ಸಿಗುತ್ತಿದ್ದಲ್ಲಿ 6 ಸಿಕ್ಕವು, ವೈದ್ಯರು ಚಿತ್ರ ಓದುವ ಕೆಲಸ ಶೇ 44ರಷ್ಟು ಇಳಿಯಿತು. ವೈದ್ಯರನ್ನು ಮನೆಗೆ ಕಳಿಸಿ ಮಾಡಿದ ಕೆಲಸವಲ್ಲ ಅದು, ಕೊನೆಯ ಮಾತು ಅವರದೇ. ಒಳ್ಳೆಯ ಸುದ್ದಿ, ಆದರೆ ಮ್ಯಾಮೊಗ್ರಾಂ ಯಂತ್ರವೇ ಇಲ್ಲದ ತಾಲ್ಲೂಕಿಗೆ ಅದನ್ನು ಓದುವ ಕೃತಕ ಬುದ್ಧಿಮತ್ತೆಯಿಂದ ಏನು ಪ್ರಯೋಜನ? ಮುಟ್ಟದೆ, ಒತ್ತದೆ, ಶಾಖದ ಚಿತ್ರ ತೆಗೆಯುವ ಯಂತ್ರಗಳು ಶಿಬಿರಗಳಿಗೆ ಬರುತ್ತಿವೆ. ಹೆಣ್ಣುಮಕ್ಕಳು ಅದನ್ನು ಇಷ್ಟಪಡುವುದು ಸಹಜ. ಆದರೆ ಶಾಖದ ಚಿತ್ರ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಲವು ಸಲ ಎಚ್ಚರಿಸಿದೆ. ಮುಂಬೈನಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷಗಳ ಲೆಕ್ಕ ತೆಗೆದಾಗ 50 ದಾಟಿದವರಲ್ಲಿ ಸಾವುಗಳು ಸುಮಾರು ಶೇ 30ರಷ್ಟು ಕಡಿಮೆಯಾಗಿದ್ದವು. ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ.

ಇಲ್ಲಿಯವರೆಗೆ ಬಾರದವರ ಮಾತಾಯಿತು. ಅತಿಯಾಗಿ ಬರುವವರೂ ಇದ್ದಾರೆ. ನಗರದ ನೌಕರರು, ವ್ಯಾಪಾರಸ್ಥರು ಹಬ್ಬದ ರಿಯಾಯಿತಿ ದರದಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸುತ್ತಾರೆ. ಹಲವು ಪ್ಯಾಕೇಜುಗಳಲ್ಲಿ ಸಿಎ-125 ಎಂಬ ರಕ್ತ ಪರೀಕ್ಷೆ ಇರುತ್ತದೆ. ಅಂಡಾಶಯದ ಕ್ಯಾನ್ಸರ್‌ಗೆಂದು ಇದನ್ನು ಬ್ರಿಟನ್‌ನಲ್ಲಿ ಎರಡು ಲಕ್ಷ ಮಹಿಳೆಯರ ಅಧ್ಯಯನದಲ್ಲಿ ಒರೆಗೆ ಹಚ್ಚಿ ನೋಡಿದರು. ಸಾವುಗಳು ಇಳಿಯಲಿಲ್ಲ ಎಂದು 2021ರಲ್ಲಿ ಪ್ರಕಟಿಸಿದರು. ಮುಟ್ಟಿನ ದಿನಗಳಲ್ಲಿಯೂ ಏರುವ ಅಂಕಿ ಅದು. ಏರಿದ ಅಂಕಿ ಕಂಡ ಮೇಲೆ ಮನೆಯ ನಿದ್ದೆ ಹೋಗುತ್ತದೆ.

ಒಂದು ತೊಟ್ಟು ರಕ್ತದಲ್ಲಿ ಐವತ್ತು ಬಗೆಯ ಕ್ಯಾನ್ಸರ್ ಪತ್ತೆ ಎಂಬ ಸುದ್ದಿಯನ್ನು ನೀವು ವಾಟ್ಸ್‌ಆ್ಯಪ್‌ನಲ್ಲಿ ನೋಡಿರಬಹುದು. ತೊಟ್ಟಲ್ಲ, ಕೊಳವೆಗಟ್ಟಲೆ ರಕ್ತ ಬೇಕು. ಅಮೆರಿಕದಲ್ಲಿ ಇಂಥದೊಂದು ಪರೀಕ್ಷೆಯನ್ನು 6,600ಕ್ಕೂ ಹೆಚ್ಚು ಜನರ ಮೇಲೆ ಮಾಡಿದಾಗ 92 ಮಂದಿಗೆ ‘ಇದೆ’ ಎಂಬ ಸೂಚನೆ ಬಂತು. ನಿಜವಾಗಿ ಇದ್ದದ್ದು 35 ಮಂದಿಗೆ. ಉಳಿದ 57 ಮಂದಿ ಇಲ್ಲದ ರೋಗವನ್ನು ಹುಡುಕುತ್ತ ಆಸ್ಪತ್ರೆ ಸುತ್ತಿದರು. ಬೇಗ ಸಿಕ್ಕಿದ್ದರಿಂದ ಜೀವ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಸ್ಕ್ಯಾನಿಂಗ್ ಅಗ್ಗವಾಗಿ ಸಿಗತೊಡಗಿದ ಮೇಲೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರಿಂದ 2011ರೊಳಗೆ ಹದಿನೈದು ಪಟ್ಟು ಏರಿತು. ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಬದುಕಿನುದ್ದಕ್ಕೂ ತೊಂದರೆ ಕೊಡದೆ ಇರುತ್ತಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪರ್ಯಂತ ಗುಳಿಗೆ ನುಂಗುವವರಾದರು. ಇಂಥಲ್ಲಿ ಒಲ್ಲೆ ಎನ್ನುವ ಹಳ್ಳಿಯ ಮುದುಕಿ ನನಗೆ ಹೆಚ್ಚು ವಿವೇಕಿಯಾಗಿ ಕಾಣುತ್ತಾಳೆ.

ಯಂತ್ರವೇ ಬೇಡವಾದ ತಪಾಸಣೆಗೆ ಮಾತ್ರ ಯಾರಿಗೂ ಉತ್ಸಾಹವಿಲ್ಲ. ಬಾಯಿ ತೆರೆಯಬೇಕು, ಬೆಳಕು ಬಿಡಬೇಕು, ನೋಡಬೇಕು. ನಿಪ್ಪಾಣಿಯ ಹೊಲಗಳ ತಂಬಾಕು ಈ ಸೀಮೆಗೆ ಹೊಸದಲ್ಲ. ಗುಟ್ಕಾ ನಿಷೇಧ 2013ರಲ್ಲಿಯೇ ಆಯಿತು, ಅಡಿಕೆ ಪುಡಿಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುವುದನ್ನು ಎಲ್ಲರೂ ಕಲಿತರು. ಗಡಿ ಹಳ್ಳಿಗಳಲ್ಲಿ ಹೆಂಗಸರು ವಸಡಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುತ್ತಾರೆ, ಅದನ್ನು ತಂಬಾಕು ಎಂದೇ ಎಣಿಸುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ‘ತಂಬಾಕು ಇಲ್ಲ’ ಎಂದು ಬರೆಯುವ ಮೊದಲು ಹೆಸರು ಹಿಡಿದು ಕೇಳಿ. ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಕಣ್ಣಿನಿಂದಲೇ ಬಾಯಿ ಪರೀಕ್ಷಿಸಿದ್ದರಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ಶೇ 34ರಷ್ಟು ಇಳಿದವು ಎಂದು 2005ರಲ್ಲಿ ವರದಿಯಾಯಿತು. ಗಂಡಸರು ಬಾಯಿ ತೆರೆಯಲು ಒಪ್ಪುವುದಿಲ್ಲ ಎಂದು ನೀವು ದೂರುತ್ತೀರಿ. ಬೈಗುಳ ಬೀಳುತ್ತದೆ ಎಂದು ಅವರಿಗೆ ಗೊತ್ತು. ಮೊದಲ ಭೇಟಿಯಲ್ಲಿ ‘ಬಿಡಿ’ ಎನ್ನಬೇಡಿ, ನೋಡಿ ಬನ್ನಿ ಅಷ್ಟೇ.

ಸಭೆಯಿಂದ ಬಂದ ಪ್ರಶ್ನೆಗಳು.

*ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಈ ಪರೀಕ್ಷೆ ಬೇಕಾಗುವುದಿಲ್ಲವೇ?*

ಬೇಕು. ಪುಣೆಯಲ್ಲಿ ತಯಾರಾಗುವ ಸರ್ವಾವ್ಯಾಕ್ ಲಸಿಕೆ ನಾಲ್ಕು ಬಗೆಯ ಎಚ್‌ಪಿವಿಯನ್ನು ತಡೆಯುತ್ತದೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಸುಮಾರು ಶೇ 70ರಷ್ಟು ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ. ಉಳಿದ ಬಗೆಗಳಿಗಾಗಿ ಮೂವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಲೇಬೇಕು.

*ಇಲ್ಲಿ ಪತ್ತೆಯಾದವರನ್ನು ಎಲ್ಲಿಗೆ ಕಳಿಸಬೇಕು?*

ಕ್ಯಾನ್ಸರ್ ಖಚಿತವಾದವರು ನಮ್ಮ ಕಡೆಯಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಸೊಲ್ಲಾಪುರ, ಬಾರ್ಶಿ, ಮೀರಜ್ ಎಂದು ಹೋಗುತ್ತಾರೆ. ಯಾವ ಊರಾದರೂ ಸರಿ, ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು, ಯಾವ ಕಾರ್ಡ್ ನಡೆಯುತ್ತದೆ, ಜೊತೆಗೆ ಯಾರು ಹೋಗುತ್ತಾರೆ ಎಂಬ ಮೂರನ್ನು ಶಿಬಿರಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ಬರೆದಿಡಲು ಆಗದಿದ್ದರೆ ಶಿಬಿರವನ್ನು ಮುಂದೂಡಿ.

*ನಮ್ಮ ತಾಂಡಾದವರು ದಸರಾ, ದೀಪಾವಳಿ ಮುಗಿದರೆ ಕಬ್ಬು ಕಡಿಯಲು ಹೋಗುತ್ತಾರೆ. ಹೋಗುವ ಹೊತ್ತಿಗೆ ಪಾಸಿಟಿವ್ ಬಂದರೆ ಬೇಸಿಗೆಯಲ್ಲಿ ತಿರುಗಿ ಬರುವವರೆಗೆ ಕಾಯಬಹುದೇ?*

ಇದು ಸರಿಯಾದ ಪ್ರಶ್ನೆ. ವೈರಸ್ ಸೋಂಕಿನಿಂದ ಕ್ಯಾನ್ಸರ್‌ವರೆಗಿನ ದಾರಿ ಸಾಮಾನ್ಯವಾಗಿ ಹತ್ತು, ಹದಿನೈದು ವರ್ಷದ್ದು. ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಕೆಲವು ತಿಂಗಳು ತಡವಾದ ಮಾತ್ರಕ್ಕೆ ಗಾಬರಿಯಾಗಬೇಕಾಗಿಲ್ಲ. ಆದರೆ ಗಂಡನೊಡನೆ ಕೂಡಿದ ಮೇಲೆ ರಕ್ತ ಹೋಗುತ್ತಿದ್ದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದ್ದರೆ, ವಾಸನೆಯ ಸ್ರಾವವಿದ್ದರೆ ಆಕೆ ಟ್ರ್ಯಾಕ್ಟರ್ ಹತ್ತುವ ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು, ಕೂಲಿಯವರನ್ನು ಗೊತ್ತುಮಾಡಿ ಕರೆದೊಯ್ಯುವ ಮುಕಾದಮನ ಮುಂಗಡ ಏನೇ ಇರಲಿ. ಇನ್ನೊಂದು ಮಾತು. ತಿಂಗಳ ಗುರಿ ಮುಟ್ಟಲು ಶಿಬಿರವನ್ನು ಜನವರಿಯಲ್ಲಿ ಇಟ್ಟರೆ ತಾಂಡಾದಲ್ಲಿ ಮುದುಕರು ಮತ್ತು ಮಕ್ಕಳು ಮಾತ್ರ ಇರುತ್ತಾರೆ. ಜೂನ್, ಜುಲೈನಲ್ಲಿ ಇಡಿ. ಮಾದರಿ ತೆಗೆದು, ಫಲಿತಾಂಶ ಬಂದು, ಬೇಕಾದವರಿಗೆ ಚಿಕಿತ್ಸೆಯೂ ಮುಗಿದು, ಹುಣ್ಣು ಮಾಯಲು ನಾಲ್ಕಾರು ವಾರ ಸಿಕ್ಕು, ಆಮೇಲೆ ಅವರು ಹೋಗಲಿ. ದಿನಾಂಕವನ್ನು ನಿಮ್ಮ ವೈದ್ಯಾಧಿಕಾರಿಗಿಂತ ಮೊದಲು ಮುಕಾದಮನನ್ನು ಕೇಳಿ ಗೊತ್ತುಮಾಡಿ.